ಬೇಟೆ ಮಚ್ಚಿಗೆ ಸಾಣೆ

ಆಯುಧಪೂಜೆಯ ಬೆಳಿಗ್ಗೆ ತಮ್ಮಯ್ಯ ಅಟ್ಟದಿಂದ ಬೇಟೆ ಮಚ್ಚನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದು, ಅಡುಗೆಮನೆಯ ಒಂದು ಬದನೆಕಾಯಿಯ ಮೇಲೆ ಪರೀಕ್ಷೆ ಮಾಡಿ ನೋಡಿದ. ಬದನೆಕಾಯಿ ಅಪ್ಪಚ್ಚಿಯಾಯಿತೇ ಹೊರತು ಎರಡು ಹೋಳಾಗಲಿಲ್ಲ.

ಮೊಳಕ್ಕಿಂತ ಉದ್ದದ ಮಚ್ಚು ಅದು. ಹುಣಸೂರಿನ ಕಡೆ, ಬೇಟೆಗೆ ಯಾರೂ ಅಡ್ಡಿ ಹೇಳದ ಕಾಲದಲ್ಲಿ, ಅವನ ತಾತ ಅದರಿಂದಲೇ ಕಾಡುಹಂದಿಯನ್ನು ಹಸಿಗೆ ಮಾಡಿ ಊರಿಗೆಲ್ಲ ಪಾಲು ಹಂಚುತ್ತಿದ್ದರು. ಈಗ ಅದು ಯಾರ ಮನೆಯಲ್ಲಿರಬೇಕು ಎಂದು ತೀರ್ಮಾನಿಸುವವರು ಸೋದರತ್ತೆ ಜಯಲಕ್ಷ್ಮಮ್ಮ. ಹೋದ ವರ್ಷ ಚಿಕ್ಕಪ್ಪನ ಮಗ ಭೋಜರಾಜನ ಮನೆಯಿಂದ ಅದನ್ನು ತೆಗೆದು ತಮ್ಮಯ್ಯನಿಗೆ ಕೊಟ್ಟಿದ್ದರು. ಅವನಿದ್ದ ತಮಿಳು ನಗರದಲ್ಲೇ, ಅಂಬತ್ತೂರಿನ ಮಗಳ ಮನೆಗೆ ದಸರೆಗೆಂದು ಬಂದಿದ್ದ ಅವರು, ತಮ್ಮಯ್ಯ ಮಚ್ಚನ್ನು ಹೇಗೆ ಇಟ್ಟುಕೊಂಡಿದ್ದಾನೆಂದು ನೋಡಲು ಮಧ್ಯಾಹ್ನದ ಪೂಜೆಗೆ ಬರುವವರಿದ್ದರು. ಅವರ ಕಣ್ಣೆದುರು ಬೂದುಗುಂಬಳವನ್ನು ಒಂದೇ ಏಟಿಗೆ ಸೀಳದಿದ್ದರೆ ಮಚ್ಚು ಕೈಬಿಟ್ಟು ಹೋಯಿತೆಂದೇ ತಮ್ಮಯ್ಯ ಲೆಕ್ಕ ಹಾಕಿದ್ದ.

“ಹಬ್ಬದ ದಿನ ಯಾರ್ರೀ ಸಾಣೆ ಹಿಡೀತಾರೆ? ಹಂಗೇ ಪೂಜೆಗಿಡಿ,” ಎಂದಳು ಹೆಂಡತಿ ಗಗನಾ.

ಅವನು ಆಗಲೇ ಮಚ್ಚನ್ನು ಅವಳ ಯೋಗದ ಚಾಪೆಯಲ್ಲಿ ಸುತ್ತುತ್ತಿದ್ದ.

ಮೆಟ್ಟಿಲಲ್ಲಿ ಮೇಲಿನ ಮನೆಯ ತಿರುಮಲೇಶ ಎದುರಾದರು. ಫ್ಲ್ಯಾಟುಗಳ ಸಂಘದ ಕಾರ್ಯದರ್ಶಿ, ಈರುಳ್ಳಿಯ ವಾಸನೆಗೂ ಮೂಗು ಮುಚ್ಚುವ ವೈಷ್ಣವರು. ಚಾಪೆಯ ತುದಿಯಿಂದ ಇಣುಕುತ್ತಿದ್ದ ಕಬ್ಬಿಣವನ್ನು ಕಂಡು ವಿಚಾರಿಸಿದರು. ಹಂದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಗೋಡೆಗೆ ಒರಗಿ ಹಲ್ಲಿಯಂತೆ ಅಂಟಿಕೊಂಡು, ದಾರಿ ಬಿಟ್ಟರು.

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಪಕ್ಕ ಸಾಣೆ ಹಿಡಿಯುವವನೊಬ್ಬ ಕೂರುತ್ತಿದ್ದ. ಅವತ್ತೂ ಕೂತಿದ್ದ. ಆದರೆ ಅವನ ಚಕ್ರದ ತುಂಬ ಗಂಧ, ಕುಂಕುಮ. ಮೇಲೆ ಸೇವಂತಿಗೆಯ ಹಾರ. ಮದುವಣಗಿತ್ತಿಯ ಪಕ್ಕ ಕೂತ ಹಾಗೆ ಅದರ ಪಕ್ಕ ಕೂತಿದ್ದ ಅವನು ತಲೆಯಾಡಿಸಿ, “ಇನ್ನಿಕ್ಕಿ ತೊಡಮಾಟ್ಟೇನ್ ಸಾರ್,” ಎಂದ. ಇವತ್ತು ಮುಟ್ಟುವ ಹಾಗಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಪೊಟ್ಟಣ ಕಡಲೆಪುರಿ ಕೊಟ್ಟ.

ಅವನಾಚೆಯ ಮಾಂಸದಂಗಡಿಯಲ್ಲೂ ಕತ್ತಿಗಳು ಸಾಲಾಗಿ ಮಲಗಿ ಪೂಜೆ ಮಾಡಿಸಿಕೊಂಡಿದ್ದವು. ಅಲ್ಲೂ ಒಂದು ಪೊಟ್ಟಣ. ಲೇತ್ ಮೆಷಿನ್ ಇಟ್ಟವನು ಪುರಿಯ ಜೊತೆಗೆ ಬೆಲ್ಲವನ್ನೂ ಕೊಟ್ಟು, ಬಿಸಿಲಿನಲ್ಲಿ ಬಂದಿದ್ದೀರಿ ಎಂದು ಮಜ್ಜಿಗೆ ಕುಡಿಸಿದ. ಊರಿನ ಆಯುಧಗಳೆಲ್ಲ ರಜೆಯಲ್ಲಿರುವ ದಿನವೇ ತಾನು ಕೆಲಸ ಹಿಡಿದು ಹೊರಟಿದ್ದೇನೆಂದು ತಮ್ಮಯ್ಯನಿಗೆ ಹೊಳೆಯಿತು. ಹೊಳೆದರೂ ಅವನು ಹಿಂದಿರುಗಲಿಲ್ಲ. ಕೋಡಂಬಾಕ್ಕಂನಲ್ಲಿ ಸಿನಿಮಾಗಳಿಗೆ ಕತ್ತಿ ಗುರಾಣಿ ಬಾಡಿಗೆಗೆ ಕೊಡುವ ಗೋದಾಮೊಂದಿದೆಯಲ್ಲ ಎಂದು ಆಟೋ ಹತ್ತಿದ.

ಸಿಗ್ನಲ್ಲಿನಲ್ಲಿ ಪೊಲೀಸರೊಬ್ಬರು ಆಟೋ ತಡೆದು ಚಾಪೆ ಬಿಚ್ಚಿಸಿದರು. ಅವರು ಮಚ್ಚಿನ ಅಂಚಿಗೆ ಮೊದಲು ಹೆಬ್ಬೆರಳು, ಆಮೇಲೆ ಅಂಗೈ, ಕೊನೆಗೆ ಮೊಣಕೈಯನ್ನೇ ಒತ್ತಿ ನೋಡಿ, ಇದರಿಂದ ಉಪ್ಪಿಟ್ಟನ್ನೂ ಕತ್ತರಿಸಲಾಗದು, ಹೋಗಿಬನ್ನಿ ಎಂದು ತಮಿಳಿನಲ್ಲಿ ಹರಸಿ ಕಳಿಸಿದರು. ಠಾಣೆಯ ಪೂಜೆಯ ಪುರಿಯೂ ಮಡಿಲಿಗೆ ಬಂತು. ಬಂಧಿಸಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ.

ಗೋದಾಮಿನವನು ಹಿಂದೆ ಕನ್ನಡ ಚಿತ್ರಗಳಿಗೂ ದುಡಿದವನು. ಫೈಬರಿನ ಖಡ್ಗಗಳಿಗೆ ಆರತಿ ಎತ್ತುತ್ತಿದ್ದವನು ಮಚ್ಚನ್ನು ತಿರುಗಿಸಿ ಮುರುಗಿಸಿ ನೋಡಿದ.

“ಬೇಜಾರ್ ಮಾಡ್ಕೋಬೇಡಿ ಸಾರ್. ಕ್ಯಾಮೆರಾದಲ್ಲಿ ಇದು ಡೂಪ್ಲಿಕೇಟ್ ಥರ ಕಾಣತ್ತೆ. ನಮ್ದೇ ಒರಿಜಿನಲ್ ಥರ ಇರೋದು.”

ತಮ್ಮಯ್ಯ ಪುರಿಯ ಪೊಟ್ಟಣಗಳನ್ನು ಎದೆಗವಚಿಕೊಂಡು ಮನೆಗೆ ಬಂದ. ಮೆಟ್ಟಿಲಲ್ಲೇ ಕುಸಿದು ಕೂತವನನ್ನು ನೋಡಿ ತಿರುಮಲೇಶರ ಹೆಂಡತಿ ಕೌಸಲ್ಯಾ ನೀರು ತಂದುಕೊಟ್ಟರು. ಕತೆಯನ್ನೆಲ್ಲ ಕೇಳಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ದಾರಿ ಹೇಳಿದರು.

“ನಮ್ಮಾತ್ತಲ್ಲಿ, ಮೇಲ್ಗಡೆ ಮನೇಲಿ, ಊರ್ಗಾಯ್ ಜಾಡಿ ಇದೆ, ದೊಡ್ದು. ಅದರ ಬುಡ ನಲ್ಲಾ ಸೊರಸೊರ ಅಂತಿದೆ. ನಾನು ಈಳಿಗೆ ಅದ್ರಲ್ಲೇ ತೇಯೋದು. ಜಾಡಿಗೆ ಯಾರೂ ಕುಂಕುಮ ಇಟ್ಟಿಲ್ಲ, ದೋಷ ಇಲ್ಲ.”

“ಅಮ್ಮಾ, ಇದು ಹಂದಿ ಕಡಿದ ಮಚ್ಚು,” ಎಂದ ತಮ್ಮಯ್ಯ ಸಂಕೋಚದಿಂದ.

“ಸೆರಿ, ಆಮೇಲೆ ತೊಳೆದ್ರಾಯ್ತು. ಅವರು ಜಪಕ್ಕೆ ಕೂತಿದಾರೆ, ಬೇಗ ತೇಯಿರಿ.”

ಒಂದು ಜಾಡಿ ನಿಂಬೆ ಉಪ್ಪಿನಕಾಯಿಯನ್ನು ಅವರು ಪಾತ್ರೆಗಳಿಗೆ ತುಂಬಿಸಿ, ಜಾಡಿಯನ್ನು ಬೋರಲು ಹಾಕಿಕೊಟ್ಟರು. ತಮ್ಮಯ್ಯ ಬುಡದ ಒರಟು ಅಂಚಿಗೆ ಮಚ್ಚು ಕೊಟ್ಟು ತಿಕ್ಕಿದ. ಅಂಗಿ ಬೆನ್ನಿಗಂಟಿತು, ರಟ್ಟೆ ಬಿದ್ದುಹೋಯಿತು, ಬಿಡಲಿಲ್ಲ. ಕೊನೆಗೆ ತಲೆಗೂದಲೊಂದನ್ನು ಕಿತ್ತು ಅಂಚಿಗೆ ತಾಗಿಸಿದರೆ ಸದ್ದಿಲ್ಲದೆ ಎರಡಾಯಿತು. ಇರುವ ಕೂದಲೇ ಕಡಿಮೆಯಾದ್ದರಿಂದ ಇನ್ನೊಂದು ಪರೀಕ್ಷೆ ಮಾಡಲಿಲ್ಲ.

ಅತ್ತೆ ಬಂದರು. ಪೂಜೆಯಾಯಿತು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನೆರೆದರು. ತಿರುಮಲೇಶರೂ ಎಲ್ಲರ ಹಿಂದೆ ಮೂಗಿಗೆ ಉತ್ತರೀಯ ಹಿಡಿದು ನಿಂತರು. ತಮ್ಮಯ್ಯ ಉಸಿರು ಬಿಗಿಹಿಡಿದು ಮಚ್ಚೆತ್ತಿದ. ಬೂದುಗುಂಬಳ ಒಂದೇ ಏಟಿಗೆ ಎರಡಾಗಿ ಅತ್ತಿತ್ತ ಉರುಳಿತು. ಕೆಳಗಿದ್ದ ಮಣೆಯೂ ಎರಡಾಯಿತು. ಜನ ಚಪ್ಪಾಳೆ ತಟ್ಟಿದರು.

ಅತ್ತೆ ತಟ್ಟಲಿಲ್ಲ. ಮಚ್ಚನ್ನು ಕೈಗೆ ತೆಗೆದುಕೊಂಡು ಅಂಚನ್ನು ಬಹಳ ಹೊತ್ತು ನೋಡಿದರು.

“ಮಸೆದ್ಯಾ?”

“ಹೂಂ ಅತ್ತೆ. ಪೂರ್ತಿ ಮೊಂಡಾಗಿ ಹೋಗಿತ್ತು.”

“ಆಗಿರ್ಲಿಲ್ಲ ಕಣಪ್ಪ. ಮಾಡಿದ್ದು. ಒಂದ್ಸಲ ಅಪ್ಪ ಹೆಣ್ಣು ಹಂದಿ ಹೊಡ್ಕೊಂಡು ಬಂದ್ರು. ಅದರ ಮರಿಗಳು ಹೊಲದ ಬದುವಿನ ತನಕ ಹಿಂದೇನೇ ಬಂದ್ವು. ಅವತ್ತು ಸಂಜೆ ಅಪ್ಪ ಊಟ ಮಾಡ್ಲಿಲ್ಲ. ಬಾವಿಕಟ್ಟೆ ಮೇಲೆ ಕೂತು ಈ ಮಚ್ಚಿನ ಹರಿತಾನೆಲ್ಲಾ ತೇದು ತೆಗೆದ್ರು. ಇದನ್ನ ಪೂಜೆ ಮಾಡಿ, ಇನ್ನು ಯಾರೂ ಮಸೀಬೇಡಿ ಅಂದ್ರು. ಕುಂಬಳಕಾಯಿಗೆ ಸುಮ್ನೆ ತಾಗ್ಸಿ, ಕಾಯಿನ ನೆಲಕ್ಕೆ ಹೊಡೆಯೋದು ನಮ್ಮನೆ ಪದ್ಧತಿ.”

ಬಾಗಿಲಲ್ಲಿ ತಿರುಮಲೇಶರು ಉತ್ತರೀಯವನ್ನು ಮೂಗಿನಿಂದ ಇಳಿಸಿ ಕಣ್ಣಿಗೆ ಒತ್ತಿಕೊಂಡರು.

“ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?” ಎಂದ ತಮ್ಮಯ್ಯ ಕ್ಷೀಣವಾಗಿ.

“ಕೇಳಿದ್ರೆ ಹೇಳ್ತಿದ್ದೆ. ನಮ್ಮನೆ ಗಂಡಸರಿಗೆ ಕೇಳೋ ಅಭ್ಯಾಸ ಎಲ್ಲಿದೆ?”

ಹರಿತ ತಂದವನೇ ಅದನ್ನು ತೆಗೆಯಬೇಕು, ಆಮೇಲೆ ಮಚ್ಚು ಬೇರೆ ಮನೆಗೆ ಹೋಗಬೇಕು ಎಂದು ತೀರ್ಪು ಕೊಟ್ಟು ಅತ್ತೆ ಊಟಕ್ಕೆ ಕೂತರು. ಕೌಸಲ್ಯಾ ಮೇಲೆ ಹೋಗಿ, ತೊಳೆದಿಟ್ಟಿದ್ದ ಜಾಡಿಯನ್ನು ಮತ್ತೆ ತಂದು ಅವನ ಮುಂದೆ ಬೋರಲು ಹಾಕಿದರು.

ತೇಯಲು ಕೂರುವ ಮೊದಲು ತಮ್ಮಯ್ಯ ಭೋಜರಾಜನಿಗೆ ಫೋನು ಮಾಡಿದ. ಅವನು ನಗುವನೆಂದೇ ಇವನ ಅಳುಕು. ಭೋಜರಾಜ ನಗಲಿಲ್ಲ. ನಡೆದದ್ದನ್ನೆಲ್ಲ ಕೇಳಿ ಮೆಲ್ಲಗೆ ಹೇಳಿದ:

“ಅಣ್ಣಾ, ನೀರು ಹಾಕ್ಕೊಂಡು, ಮಚ್ಚನ್ನ ನೆಟ್ಟಗೆ ಹಿಡ್ಕೊಂಡು ತೇಯಿ. ಹೋದ್ವರ್ಷ ನಾನು ಮಸೆದ ಹರಿತಾನ ನೀರಿಲ್ದೆ ತೇದು ತೆಗೆದು, ಭುಜ ಇನ್ನೂ ಎತ್ತೋಕಾಗ್ತಿಲ್ಲ.”