ಚಿಪ್ ಒಪ್ಪಿದ ಮೇಲೆ

ಎಲ್ಲದಕ್ಕೂ ಮೂಲ ಎತ್ತಣ್ಣನ ಬಲಗೈ. ಗಿರಾಕಿ ಕಾರ್ಡು ಚಾಚಿದರೆ ಸಾಕು, ಆ ಕೈ ಯಾರನ್ನೂ ಕೇಳದೆ ಅದನ್ನು ಇಸಿದುಕೊಂಡು ಮೆಷಿನ್ನಿನ ಪಕ್ಕದ ಸಂದಿನಲ್ಲಿ ಸರ್ರನೆ ಉಜ್ಜಿಬಿಡುತ್ತಿತ್ತು. ಕಾರ್ಡಿನ ಮೇಲೆ ಚಿಪ್ ಹೊಳೆಯುತ್ತಿದ್ದರೂ, ಅದನ್ನು ತೂರಿಸಲೆಂದೇ ಮೆಷಿನ್ನಿಗೆ ಕೆಳಗೊಂದು ಬಾಯಿ ಇದ್ದರೂ, ಕೈಗೆ ಮಾತ್ರ ಉಜ್ಜುವುದೇ ಇಷ್ಟ. ಅದರಲ್ಲಿ ಬೆಂಕಿಕಡ್ಡಿ ಗೀರಿದ ಸುಖವಿತ್ತು.

ಹೋದ ವಾರ ಹೀಗೆ ಉಜ್ಜಿದ ಕಾರ್ಡೊಂದು ಖೋಟಾ ಎಂದು ಗೊತ್ತಾಯಿತು. ಟೈ ಕಟ್ಟಿಕೊಂಡು ಬಂದಿದ್ದ ಆ ಮಹಾನುಭಾವ ಎರಡು ಬಾಗಿಲಿನ ಫ್ರಿಜ್ಜನ್ನೇ ಸಾಗಿಸಿದ್ದ. ಅವನ ಕಾರ್ಡಿನ ಮೇಲಿದ್ದ ಚಿಪ್ ಬರೀ ಅಂಟಿಸಿದ ತಗಡು. ಬ್ಯಾಂಕಿನವರು ಬಂದು, "ಚಿಪ್ ಓದೋ ಮೆಷಿನ್ ಕೊಟ್ಟಿದೀವಿ. ನೀವು ಉಜ್ಜಿದೀರಿ. ನಷ್ಟ ನಿಮ್ಮದೇ" ಎಂದು ಕೈತೊಳೆದುಕೊಂಡರು. ಹೋಗುವ ಮುನ್ನ ಎತ್ತಣ್ಣನಿಗೆ ಒಂದು ಪಾಠವನ್ನೂ ಮಾಡಿದರು. "ನೋಡಪ್ಪಾ, ಕಾರ್ಡಿನ ಹಿಂದಿನ ಕಪ್ಪು ಪಟ್ಟಿ ಗೋಡೆ ಮೇಲೆ ಬರೆದ ವಿಳಾಸ ಇದ್ದ ಹಾಗೆ. ಯಾರು ಬೇಕಾದ್ರೂ ಬರ್ಕೊಂಡು ಹೋಗ್ತಾರೆ. ಚಿಪ್ ಹಾಗಲ್ಲ. ಪ್ರತಿ ವ್ಯಾಪಾರಕ್ಕೂ ಒಂದು ಹೊಸ ಗುಟ್ಟಿನ ಸಂಖ್ಯೆ ಹುಟ್ಟಿಸುತ್ತೆ. ಇವತ್ತಿನದನ್ನ ಕದ್ದು ನಾಳೆ ತೋರ್ಸಿದ್ರೆ ಬ್ಯಾಂಕು ಬಾಗಿಲೇ ತೆಗೆಯೋದಿಲ್ಲ."

ಅಂಗಡಿಯ ಸಾಹುಕಾರರು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಲ್ಲಿ ಮೊದಲಿಗರು. ಮಾರನೆಯ ದಿನವೇ ಕೌಂಟರಿನ ಹಿಂದೆ ಒಂದು ಬೋರ್ಡು ನೇತುಬಿತ್ತು. ಚಿಪ್ ಒಪ್ಪಿದರೆ ಮಾಲು, ಒಪ್ಪದಿದ್ದರೆ ಇಲ್ಲ. ಗಿರಾಕಿಯ ಕಾರ್ಡನ್ನು ಅಂಗಡಿಯವರು ಮುಟ್ಟಕೂಡದು. ಪಿನ್ ಒತ್ತುವಾಗ ಯಾರೂ ಆ ಕಡೆ ನೋಡಕೂಡದು. ಕಾರ್ಡಿಗೆ ರಿಯಾಯಿತಿ ಇಲ್ಲ. ಕೊನೆಯದಕ್ಕೂ ಮೋಸಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಇನ್ನೊಂದ್ಸಲ ಈ ಕೌಂಟರಲ್ಲಿ ಕಾರ್ಡಿನ ಮೋಸ ನಡೀತೋ, ನೀನು ವಾಪಸ್ ಗೋಡೌನಿಗೆ" ಎಂದರು ಸಾಹುಕಾರರು.

ಹನ್ನೆರಡು ವರ್ಷ ಎತ್ತಣ್ಣ ಗೋಡೌನಿನಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳನ್ನು ಹೊತ್ತವನು. ಯಾರು "ಎತ್ತಣ್ಣಾ" ಎಂದರೂ ಎತ್ತಿದ್ದಕ್ಕೆ ಆ ಹೆಸರೇ ನಿಂತಿತ್ತು. ಹಳೆಯ ಕ್ಯಾಷಿಯರ್ ಕೆಲಸ ಬಿಟ್ಟು ಹೋಗಿ, ಫ್ಯಾನಿನ ಕೆಳಗಿನ ಈ ಕುರ್ಚಿ ಇವನಿಗೆ ಸಿಕ್ಕಿ ಮೂರು ತಿಂಗಳೂ ತುಂಬಿರಲಿಲ್ಲ. ಹೆಂಡತಿ ಬೀದಿಗೆಲ್ಲ ಸುದ್ದಿ ಹಂಚಿದ್ದಳು. ಮಗಳು ಶಾಲೆಯ ಫಾರಮ್ಮಿನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ 'ಕ್ಯಾಷಿಯರ್' ಎಂದು ದುಂಡಗೆ ಬರೆದು ಅಪ್ಪನಿಗೆ ತೋರಿಸಿದ್ದಳು. ಹೆಂಡತಿ ಮಗಳ ಮುಂದೆ ಮತ್ತೆ ಹಮಾಲಿಯಾಗುವುದಕ್ಕಿಂತ ಉಪವಾಸ ಬೀಳುವುದೇ ವಾಸಿ ಎಂದು ಅವನಿಗೆ ಅನ್ನಿಸುತ್ತಿತ್ತು.

ಈ ದಿನ ಸಾಹುಕಾರರು ಕಂಪನಿಯವರ ಮೀಟಿಂಗಿಗೆ ಹೋಗಿದ್ದರು. ಹನ್ನೊಂದರ ಹೊತ್ತಿಗೆ ದಪ್ಪ ಕನ್ನಡಕದ, ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಸಾಲಿನಲ್ಲಿದ್ದ ವಾಷಿಂಗ್ ಮೆಷಿನ್ನುಗಳ ಹೊಟ್ಟೆಯನ್ನು ಒಂದೊಂದಾಗಿ ತಟ್ಟಿ ನೋಡಿ, ಎಲ್ಲಕ್ಕಿಂತ ದುಬಾರಿಯದರ ಮುಂದೆ ನಿಂತರು.

"ಇದೇ ಇರ್ಲಿ. ನಮ್ಮ ತಂಗಿ ಮನೆಗೆ. ಗಾಡಿ ತಂದಿದೀನಿ, ಹೊರಗೆ ನಿಂತಿದೆ. ಎಷ್ಟು ಕಡಿಮೆ ಮಾಡ್ತೀಯಪ್ಪಾ?"

ಎತ್ತಣ್ಣ ಬೋರ್ಡಿನ ಕಡೆ ಬೆರಳು ಮಾಡಿದ.

"ಬೋರ್ಡು ಬರೆದೋನು ಮಹಾ ಜುಗ್ಗ ಇರ್ಬೇಕು" ಎನ್ನುತ್ತ ಆಕೆ ಚೀಲದಿಂದ ಕಾರ್ಡು ತೆಗೆದು ಚಾಚಿದರು. ಎತ್ತಣ್ಣನ ಬಲಗೈ ಎದ್ದೇಬಿಟ್ಟಿತು. ಅವನು ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದ.

"ನಾನು ಮುಟ್ಟೋ ಹಾಗಿಲ್ಲಮ್ಮಾ. ನೀವೇ ತೂರಿಸಿ. ಚಿಪ್ ಒಳಗೆ ಹೋಗ್ಬೇಕು."

ಆಕೆ ತೂರಿಸಿದರು. ತೂರಿಸಿದಷ್ಟೇ ಬೇಗ ಕಿತ್ತರು. ಮೆಷಿನ್ನು ಕೀಂ ಎಂದಿತು.

"ಕೀಳಬೇಡಿ, ಒಳಗೇ ಇರ್ಲಿ."

"ಬಿಟ್ರೆ ನುಂಗಿಬಿಟ್ರೆ?"

"ನುಂಗಲ್ಲಮ್ಮಾ, ಅದಕ್ಕೆ ಹಲ್ಲಿಲ್ಲ."

ಮತ್ತೆ ತೂರಿಸಿದರು. ಈ ಸಲ ಕೀಳಲಿಲ್ಲ. ಆದರೆ ಮೆಷಿನ್ನು ಯೋಚಿಸಿ ಯೋಚಿಸಿ, ಚಿಪ್ ಓದಲಾಗುತ್ತಿಲ್ಲ, ಕಾರ್ಡನ್ನು ಉಜ್ಜಿ ಎಂದು ಬರೆದು ತೋರಿಸಿತು. ಹೋದ ವಾರ ಟೈ ಕಟ್ಟಿದವನ ಕಾರ್ಡನ್ನು ತೂರಿಸಿದ್ದರೂ ಇದು ಇದೇ ಮಾತು ಹೇಳುತ್ತಿತ್ತು.

"ಉಜ್ಜು ಅಂತಿದೆಯಲ್ಲಪ್ಪಾ, ಉಜ್ಜಿಬಿಡು" ಎಂದರು ಆಕೆ.

"ಅದು ಹೇಳುತ್ತಮ್ಮಾ. ನಾನು ಉಜ್ಜೋದಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು. ಮಾತು ಏರಿದ್ದು ಕೇಳಿ ಪಕ್ಕದಂಗಡಿಯ ದರ್ಜಿ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಎದುರಿನ ಔಷಧಿ ಅಂಗಡಿಯವನು ಗಿರಾಕಿಯನ್ನು ಕಾಯಲು ಬಿಟ್ಟು ಬಂದ. ದಿನಾ ಬೆಳಿಗ್ಗೆ ಪುಕ್ಕಟೆ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರಂತೂ ಅಂಗಡಿಯ ಒಳಗೇ ಇದ್ದರು. ಈ ಮೂವರಿಗೂ ಬೇರೆಯವರ ಕಷ್ಟ ಎಂದರೆ ಊಟ ತಿಂಡಿ ಬೇಡ.

ದರ್ಜಿ ಎತ್ತಣ್ಣನ ಕಿವಿಗೆ ಬಾಯಿ ಹಚ್ಚಿದ. "ಹುಷಾರು ಕಣೋ. ಕಾಲು ನೋಡು, ಓಡೋಕೆ ಅನುಕೂಲ ಇರೋ ಚಪ್ಪಲಿ."

"ಚಿಪ್ ಮೇಲೆ ಕೊಳೆ ಕೂತಿರಬೇಕು ಅಷ್ಟೆ" ಎಂದ ಔಷಧಿ ಅಂಗಡಿಯವನು. "ಸ್ಪಿರಿಟ್ಟಲ್ಲಿ ಒರೆಸಿದ್ರೆ ಸರಿಹೋಗುತ್ತೆ."

"ಬೇಡ, ಬೇಡ. ರಬ್ಬರಿನಲ್ಲಿ ಉಜ್ಜಬೇಕು. ಮೂವತ್ತೈದು ವರ್ಷದ ಅನುಭವ ನನ್ನದು" ಎಂದರು ಮೇಷ್ಟ್ರು.

"ಉಜ್ಜೋ ಮಾತೇ ಇಲ್ಲ!" ಎಂದು ಎತ್ತಣ್ಣ ಕಿರುಚಿದ. ರಬ್ಬರಿನಲ್ಲಿ ಉಜ್ಜುವುದು ಬೇರೆ, ಮೆಷಿನ್ನಿನಲ್ಲಿ ಉಜ್ಜುವುದು ಬೇರೆ ಎಂದು ತಿಳಿಹೇಳಲು ಮೇಷ್ಟ್ರಿಗೆ ಐದು ನಿಮಿಷ ಹಿಡಿಯಿತು.

ಕೊನೆಗೆ ಸ್ಪಿರಿಟ್ಟಿನ ಹತ್ತಿ ಬಂತು. ಕಾರ್ಡನ್ನು ಆಕೆಯೇ ಹಿಡಿದು ಆಕೆಯೇ ಒರೆಸಬೇಕು. ಎತ್ತಣ್ಣ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಸ್ವಲ್ಪ ಎಡಕ್ಕೆ, ಇನ್ನೂ ಮೇಲೆ, ಮೆತ್ತಗೆ" ಎಂದು ದೂರದಿಂದಲೇ ನಿರ್ದೇಶನ ಕೊಟ್ಟ.

"ಎಂಥಾ ಮಡಿ ಅಂಗಡಿಯಪ್ಪಾ ನಿಂದು!" ಎಂದು ಆಕೆ ಬೈದುಕೊಳ್ಳುತ್ತಲೇ ಒರೆಸಿ ತೂರಿಸಿದರು.

ಎಲ್ಲರೂ ಮೆಷಿನ್ನಿನ ಮೇಲೆ ಬಾಗಿದರು. ಮೆಷಿನ್ನು ಗೊಣಗಿತು, ಮಿನುಗಿತು, ಪಿನ್ ಒತ್ತಿ ಎಂದಿತು. ಚಿಪ್ ಅಸಲಿ! ಎತ್ತಣ್ಣನಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೂ ಮೈಮರೆಯಲಿಲ್ಲ.

"ಎಲ್ಲರೂ ಗೋಡೆ ಕಡೆ ತಿರುಗಿ!"

ಮೂವರೂ ತಿರುಗಿದರು. ಎತ್ತಣ್ಣನೂ ತಿರುಗಿದ. ನಾಲ್ಕು ಜನ ದೊಡ್ಡವರು ಹೋಂವರ್ಕ್ ಮಾಡದ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ನಿಂತಾಗ, ಹಿಂದಿನಿಂದ ಆಕೆಯ ದನಿ ಕೇಳಿಸಿತು. "ಏಳು..."

"ಬಾಯಲ್ಲಿ ಹೇಳಬೇಡೀಮ್ಮಾ!"

"ಹೇಳದಿದ್ರೆ ನೆನಪಾಗಲ್ಲಪ್ಪಾ! ಏಳು, ಆಮೇಲೆ..."

"ಮೇಷ್ಟ್ರೇ, ಏನಾದ್ರೂ ಜೋರಾಗಿ ಹೇಳಿ! ಯಾರ ಕಿವಿಗೂ ಬೀಳಬಾರದು!"

ಮೇಷ್ಟ್ರು ನಿವೃತ್ತರಾದಂದಿನಿಂದ ಇಂಥ ಕರೆಗಾಗಿ ಕಾದಿದ್ದರು. "ಹದಿನೇಳೊಂದ್ಲ ಹದಿನೇಳು! ಹದಿನೇಳೆರಡ್ಲ ಮೂವತ್ನಾಲ್ಕು!" ಎಂದು ಮಗ್ಗಿ ಶುರುಮಾಡಿದರು. ಆಕೆ ಗಾಬರಿಯಾಗಿ ಮಗ್ಗಿಯನ್ನೇ ಒತ್ತಿದರು. ಮೆಷಿನ್ನು ಪಿನ್ ತಪ್ಪು ಎಂದಿತು.

"ನೋಡಿದ್ಯಾ? ಕಳ್ಳ ಕಾರ್ಡು!" ಎಂದು ದರ್ಜಿ ಪಿಸುಗುಟ್ಟಿದ.

ಎತ್ತಣ್ಣ ಗೋಡೆಯ ಕಡೆಯಿಂದಲೇ ಕೇಳಿದ. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಇದು ನಿಮ್ಮದೇ ಕಾರ್ಡಾ?"

"ಇದು ಮನೆ ಕಾರ್ಡಪ್ಪಾ! ಆ ಹದಿನೇಳನ್ನ ನಿಲ್ಲಿಸಿದ್ರೆ ಒತ್ತಿ ತೋರಿಸ್ತೀನಿ."

ಮಗ್ಗಿ ನಿಂತಿತು. ನಾಲ್ವರೂ ಕಿವಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಮೆಷಿನ್ನಿನಿಂದ ರಸೀದಿ ಕರಕರ ಎಂದು ಹೊರಬಂತು. ಎತ್ತಣ್ಣ ಅದನ್ನು ಮೂರು ಸಲ ಓದಿದ. ಚಿಪ್ ಸರಿ, ಪಿನ್ ಸರಿ, ಹಣ ಸಂದಾಯ. ಕಾರ್ಡಿಗೆ ಕೈ ಸೋಕಿಸಿಲ್ಲ, ಪಿನ್ನಿಗೆ ಕಣ್ಣು ಸೋಕಿಸಿಲ್ಲ, ಒಂದು ಪೈಸೆ ರಿಯಾಯಿತಿಯನ್ನೂ ಕೊಟ್ಟಿಲ್ಲ. ಗಾಡಿಯವನ ಜೊತೆ ತಾನೇ ಕೈಜೋಡಿಸಿ ವಾಷಿಂಗ್ ಮೆಷಿನ್ನನ್ನು ಗಾಡಿಗೆ ಏರಿಸಿ, ಆಕೆಗೆ ಕೈಮುಗಿದು ಕಳಿಸಿ, ಬಂದು ಕುರ್ಚಿಯಲ್ಲಿ ಕೂತ. ಮೂರು ತಿಂಗಳಲ್ಲಿ ಮೊದಲ ಸಲ ಒರಗಿ ಕೂತ.

ಅರ್ಧ ಗಂಟೆಯಾಗಿರಬಹುದು. ಸಾಹುಕಾರರು ಫೋನನ್ನು ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ನುಗ್ಗಿದರು.

"ಹಾಳಾಗಿಹೋದೆ! ನನ್ನ ಕಾರ್ಡನ್ನ ಯಾವನೋ ನಕಲಿ ಮಾಡಿದಾನೆ! ಮೀಟಿಂಗಲ್ಲಿದ್ದೆ, ಮೆಸೇಜು ಬಂತು. ಇಷ್ಟು ಉದ್ದದ ಮೊತ್ತ ನೋಡಿ ಮುಂದೆ ಓದೋಕೇ ಆಗಲಿಲ್ಲ!"

ಇನ್ನೂ ಅಲ್ಲೇ ಇದ್ದ ಮೂವರು ಹಿತೈಷಿಗಳೂ ಹತ್ತಿರ ಸರಿದರು. ಎತ್ತಣ್ಣ ಈಗ ಈ ವಿಷಯದಲ್ಲಿ ಪಂಡಿತ. "ಹೆದರ್ಕೋಬೇಡಿ ಸಾವ್ಕಾರ್ರೇ. ಆ ಅಂಗಡಿಯವನು ಉಜ್ಜಿದ್ರೆ ನಷ್ಟ ಅವನದೇ. ನಿಮ್ಮ ದುಡ್ಡು ನಿಮಗೆ ಬರುತ್ತೆ."

"ಹೌದಲ್ಲ!" ಸಾಹುಕಾರರ ಮುಖಕ್ಕೆ ರಕ್ತ ಮರಳಿತು. "ಖಂಡಿತ ಉಜ್ಜಿರ್ತಾನೆ. ನಿನ್ನಂಥೋನೇ ಯಾವನೋ ಪೆದ್ದ ಕೂತಿರ್ತಾನೆ ಅಲ್ಲಿ. ಅನುಭವಿಸಲಿ!" ಎಂದು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಬ್ಯಾಂಕಿಗೆ ಫೋನು ಹಚ್ಚಿದರು.

ಬ್ಯಾಂಕಿನ ಹುಡುಗಿಯ ದನಿ ಬಹಳ ಇಂಪಾಗಿತ್ತು. "ಉಜ್ಜಿಲ್ಲ ಸರ್. ಚಿಪ್ಪಿನಿಂದಲೇ ಆಗಿದೆ. ಪಿನ್ ಎರಡನೇ ಸಲಕ್ಕೆ ಸರಿಯಾಗಿ ಬಿದ್ದಿದೆ. ಇದು ನಕಲಿ ಕಾರ್ಡಾಗಲು ಸಾಧ್ಯವಿಲ್ಲ. ಅಂಗಡಿಯವರು ತುಂಬಾ ಎಚ್ಚರಿಕೆಯಿಂದ ನಡೆದುಕೊಂಡಿದ್ದಾರೆ."

"ಯಾವ ದರಿದ್ರ ಅಂಗಡಿಯಮ್ಮಾ ಅದು?"

ಹುಡುಗಿ ಹೆಸರು ಓದಿದಳು. ಅಂಗಡಿಯಲ್ಲಿದ್ದ ಐದೂ ಜನ ಒಟ್ಟಿಗೆ ತಲೆಯೆತ್ತಿ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಅದೇ ಹೆಸರನ್ನು ನೋಡಿದರು.

ಸಾಹುಕಾರರು ಪರ್ಸು ತೆಗೆದು ತಡಕಿದರು. ಕಾರ್ಡಿನ ಜಾಗ ಖಾಲಿಯಿತ್ತು. ಎತ್ತಣ್ಣ ಹನ್ನೊಂದರ ಹೊತ್ತಿಗೆ ಬಂದ ಗಿರಾಕಿಯನ್ನು ವಿವರಿಸಿದ. ದಪ್ಪ ಕನ್ನಡಕ, ಐವತ್ತು ದಾಟಿದ ವಯಸ್ಸು, ತಂಗಿಯ ಮನೆಗೆ ವಾಷಿಂಗ್ ಮೆಷಿನ್. ಪ್ರತಿ ಮಾತಿಗೂ ಸಾಹುಕಾರರು ಒಂದೊಂದು ಅಂಗುಲ ಕುಗ್ಗಿದರು. ಹೋದ ತಿಂಗಳಷ್ಟೇ ಈ ಊರಿಗೆ ಮನೆ ಬದಲಾಯಿಸಿಕೊಂಡು ಬಂದಿದ್ದ ಹೆಂಡತಿಯ ಅಕ್ಕ! ಮನೆಗೆ ಫೋನು ಮಾಡಿದರು. ಗಾಬರಿಯಲ್ಲಿ, ದನಿ ಎಲ್ಲರಿಗೂ ಕೇಳುತ್ತಿದೆ ಎಂಬುದನ್ನೇ ಮರೆತರು.

"ಹೂಂ, ಬೆಳಿಗ್ಗೆ ನಿಮ್ಮ ಪರ್ಸಿಂದ ತೆಗೆದು ಅಕ್ಕನ ಕೈಲಿ ಕಳಿಸಿದ್ದು ನಾನೇ" ಎಂದಿತು ಸಾಹುಕಾರತಿಯ ಶಾಂತ ದನಿ. "ಇಪ್ಪತ್ತೆರಡು ವರ್ಷದಿಂದ ಅಂಗಡಿ ತುಂಬ ವಾಷಿಂಗ್ ಮೆಷಿನ್ನು, ಮನೇಲಿ ನನ್ನವೆರಡು ಕೈ. ಕೇಳಿದಾಗೆಲ್ಲ, ಮಾರಾಟವಾಗದೆ ಮಿಕ್ಕಿದ್ದನ್ನ ತರ್ತೀನಿ ಅಂತಿದ್ರಿ. ನಿಮ್ಮ ಪುಣ್ಯಕ್ಕೆ ಒಂದೂ ಮಿಗಲಿಲ್ಲ."

"ನನ್ನ ಪಿನ್ ನಿಂಗೆ ಹೇಗೆ ಗೊತ್ತು?"

"ನೀವು ಒತ್ತುವಾಗೆಲ್ಲ ಬಾಯಲ್ಲಿ ಹೇಳ್ಕೊಂಡೇ ಒತ್ತೋದು."

"ಈಗಲೇ ವಾಪಸ್ ಕಳಿಸು!"

"ಬೀದಿಯವರೆಲ್ಲ ಬಂದು ನೋಡಿ ಆಯ್ತು. ಹೆಂಡ್ತಿ ಮೇಲೆ ಎಷ್ಟು ಪ್ರೀತಿ ಅಂತ ನಿಮ್ಮನ್ನೇ ಹೊಗಳ್ತಿದಾರೆ. ಅವರೆದುರಿಗೆ ವಾಪಸ್ ಕಳಿಸ್ಲಾ?"

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಮೇಷ್ಟ್ರ ನಾಲಿಗೆ ತುದಿಯವರೆಗೂ ಬಂತು. ನಾಳೆಯ ಪೇಪರಿನ ನೆನಪಾಗಿ ನುಂಗಿಕೊಂಡರು.

"ಇನ್ನೊಂದು ಮಾತು" ಎಂದಿತು ಫೋನಿನ ದನಿ. "ಗಾಡಿಯವನು ಕೆಳಗೇ ಇಳಿಸಿ ಹೋದ. ಮೂರನೇ ಮಹಡಿಗೆ ಹೊರೋಕೆ ಯಾರನ್ನಾದ್ರೂ ಕಳಿಸಿ."

ಗೋಡೌನಿನವರೆಲ್ಲ ಬೇರೆ ಡೆಲಿವರಿಗೆ ಹೋಗಿದ್ದರು. ಸಾಹುಕಾರರು ಬೋರ್ಡನ್ನು ಒಮ್ಮೆ ನೋಡಿದರು, ಎತ್ತಣ್ಣನನ್ನು ಒಮ್ಮೆ ನೋಡಿದರು. ತಾವೇ ಬರೆದ ನಾಲ್ಕು ಮಾತಿನಲ್ಲಿ ಒಂದನ್ನೂ ಅವನು ಮೀರಿರಲಿಲ್ಲ. ಬೈಯಲು ಒಂದೇ ಒಂದು ಎಳೆ ಸಿಗದ ಸಂಕಟ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. "ನೀನೇ ಮಾರಿದ್ದಲ್ವಾ, ನೀನೇ ಹೋಗು" ಎಂದರು.

ಎತ್ತಣ್ಣ ಹೋದ. ಮೈಗೆ ರೂಢಿ ತಪ್ಪಿರಲಿಲ್ಲ. ಬೆನ್ನಿಗೆ ಪಟ್ಟಿ ಬಿಗಿದು, ಇಕ್ಕಟ್ಟಿನ ಮೆಟ್ಟಿಲಲ್ಲಿ ತಿರುವಿಗೊಮ್ಮೆ ನಿಂತು, ಪೆಟ್ಟಿಗೆ ಗೋಡೆಗೆ ತಾಗದಂತೆ ಮೂರು ಮಹಡಿ ಹತ್ತಿಸಿದ. ಸಾಹುಕಾರತಿ ತಣ್ಣನೆಯ ನೀರು ಕೊಟ್ಟು ಉಪಚರಿಸಿದರು. ಅವರ ಖುಷಿ ನೋಡಿ ಇವನಿಗೂ ಧೈರ್ಯ ಬಂತು.

"ಅಮ್ಮಾ, ನನ್ನ ಕೆಲಸದ್ದೇ ಚಿಂತೆ ಆಗಿದೆ. ಸಾವ್ಕಾರ್ರಿಗೆ ನನ್ನ ವಿಷಯ ಒಂದೊಳ್ಳೆ ಮಾತು ಹೇಳ್ತೀರಾ?"

"ಅಯ್ಯೋ, ಅದಕ್ಕೇನಪ್ಪಾ! ಇವತ್ತು ನಾನು ಹೇಳಿದ್ದನ್ನ ಅವರು ತೆಗೆದುಹಾಕೋ ಹಾಗಿಲ್ಲ. ಈಗಲೇ ಹೇಳ್ತೀನಿ."

ಎತ್ತಣ್ಣ ಮೆಟ್ಟಿಲಿಳಿದದ್ದೇ ತಿಳಿಯಲಿಲ್ಲ. ಸೊಂಟ ನೋಯುತ್ತಿದ್ದರೂ ಮನಸ್ಸು ಹಗುರವಾಗಿತ್ತು. ಅಂಗಡಿಗೆ ಬಂದರೆ, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಸಾಹುಕಾರರೇ ಕೂತಿದ್ದರು.

"ಬಾರಪ್ಪಾ ಬಾ. ಮನೆಯವಳು ಫೋನ್ ಮಾಡಿದ್ಲು. ನಿನ್ನನ್ನ ಹೊಗಳಿದ್ದೇ ಹೊಗಳಿದ್ದು. ಮೂರು ಮಹಡಿ ಹತ್ತಿಸಿದ್ರೂ ಗೋಡೆಗೆ ಒಂದು ಗೀರಿಲ್ಲವಂತೆ. ಇಂಥ ಕೈಗುಣ ಇರೋನನ್ನ ಕುರ್ಚಿ ಮೇಲೆ ಕೂರಿಸಿ ಹಾಳುಮಾಡ್ತಿದೀರಲ್ಲ ಅಂತ ನನಗೇ ಬೈದ್ಲು. ಇವತ್ತು ಅವಳ ಮಾತು ಮೀರೋ ಧೈರ್ಯ ನನಗಿಲ್ಲ." ಸಾಹುಕಾರರು ಎಷ್ಟೋ ಹೊತ್ತಿನ ಮೇಲೆ ಮೊದಲ ಸಲ ನಕ್ಕರು. "ಇವತ್ತಿಂದ ನೀನು ಗೋಡೌನಿನ ಮುಖ್ಯಸ್ಥ."

ಎತ್ತಣ್ಣನಿಗೆ ಅಳು ಬಂದಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದ. ಎಮ್ಮೆಯನ್ನು ಹೊಗಳಿ ಹೊಗಳಿ ಬರೆ ಹಾಕುವುದನ್ನು ಇವತ್ತೇ ಕಂಡದ್ದು. "ಮುಖ್ಯಸ್ಥ ಅಂದ್ರೆ... ಹೊರೋದು ಇರಲ್ವಾ ಸಾವ್ಕಾರ್ರೇ?"

ಸಾಹುಕಾರರು ಉತ್ತರಿಸುವಷ್ಟರಲ್ಲಿ ಅವರ ಫೋನು ಕೂಗಿತು. ಕಿವಿಗಿಟ್ಟು ಕೇಳುತ್ತ ಕೇಳುತ್ತ ಅವರ ನಗು ಆರಿಹೋಯಿತು. ಫೋನು ಇಳಿಸಿದವರು ಪರ್ಸನ್ನು ಜೇಬಿನ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡು ನಿಟ್ಟುಸಿರು ಬಿಟ್ಟರು.

"ಕಾರ್ಡು ಇನ್ನೂ ಅವರ ಹತ್ರಾನೇ ಇದೆ ಕಣೋ. ಮೆಷಿನ್ನು ನೋಡಿ ಅಕ್ಕನಿಗೂ ಆಸೆ ಆಗಿದೆಯಂತೆ. ಗಾಡಿ ಮಾಡ್ಕೊಂಡು ಇಲ್ಲಿಗೇ ಹೊರಟಾಗಿದೆ."

"ಅವರ ಮನೆ...?"

"ಐದನೇ ಮಹಡಿ."