ಸೀರೆ ನೋಡುವವರು ಬೇಕಾಗಿದ್ದಾರೆ

ಎಲ್ಲ ತಾಪತ್ರಯಕ್ಕೂ ಮೂಲ ಅರ್ಧ ಹಾಳೆಯ ಒಂದು ಜಾಹೀರಾತು. ಕೊಳ್ಳೇಗಾಲದ ರೇಷ್ಮೆ ನೇಕಾರರ ಸಂಘಕ್ಕೆ ಸೀರೆ ಪರೀಕ್ಷಕರೊಬ್ಬರು ಬೇಕಾಗಿದ್ದರು. ಮಗ್ಗದಿಂದ ಇಳಿದ ಸೀರೆಯನ್ನು ಮೇಜಿನ ಮೇಲೆ ಹರಡಿ, ಎಳೆ ತಪ್ಪಿದೆಯೋ, ಜರಿ ಬಿಟ್ಟಿದೆಯೋ ನೋಡುವ ಕೆಲಸ. ಕಾಯಂ ಹುದ್ದೆ. ಜಾಹೀರಾತು ಬರೆದು ಸಂಜೆಯೊಳಗೆ ಬಾಗಿಲಿಗೆ ಅಂಟಿಸಬೇಕಾದವನು ನಿರಂಜನ.

ಹನ್ನೊಂದು ವರ್ಷದಿಂದ ಮುಂದಿನ ಕೋಣೆಯಲ್ಲಿ ಕೂತು ಸಂಘದ ಪತ್ರ ಬರೆಯುವ ಹಂಗಾಮಿ ಗುಮಾಸ್ತ ಅವನು. ಈ ಹುದ್ದೆ ಸಿಕ್ಕರೆ ತಾನೂ ಕಾಯಂ ಆದೇನು ಎಂದು ಒಳಗೊಳಗೇ ಆಸೆಪಟ್ಟಿದ್ದ. ತಪ್ಪು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಹೆಂಡತಿ ರೂಪ ದಿನಾ ಊಟದ ಹೊತ್ತಿಗೆ ಸರ್ಟಿಫಿಕೇಟು ಕೊಡುತ್ತಿದ್ದಳು.

ಹತ್ತು ಗಂಟೆಗೆ ಅಧ್ಯಕ್ಷ ಸದಾಶಿವಪ್ಪನವರು ಬಂದರು.

"ಎತ್ತರ ಆರಡಿ ಇರ್ಬೇಕು ಅಂತ ಆಕ್ಲಾ."

"ಸೀರೆ ನೋಡಕ್ಕೆ ಆರಡಿ ಯಾಕೆ ಸಾ?"

"ಮೇಲಿನ್ ಬೀರೂಗೆ ಎಟುಕ್ಬೇಕಲ್ಲ."

"ಸ್ಟೂಲ್ ಐತಲ್ಲ ಸಾ."

ಸದಾಶಿವಪ್ಪನವರ ತಂಗಿ ಮಗ ಮಧು ಆರಡಿ ಉದ್ದ, ಓದು ಮಾತ್ರ ಗಿಡ್ಡ ಎಂಬುದು ಬೀದಿಗೆಲ್ಲ ಗೊತ್ತು. ಐದಡಿ ಎರಡಿಂಚಿನ ನಿರಂಜನನಿಗೆ ಹೊಟ್ಟೆ ಉರಿಯಿತು. ಹೋದ ತಿಂಗಳು ಚಾಮರಾಜನಗರದಲ್ಲಿ ನಡೆದ ನೇಮಕಾತಿ ಕಾನೂನಿನ ತರಬೇತಿಗೆ ಅಧ್ಯಕ್ಷರ ಬದಲು ಅವನೇ ಹೋಗಿದ್ದ. ಅಲ್ಲಿಯ ಊಟದ ಜೊತೆಗೆ ಒಂದು ಮಾತೂ ನೆನಪಿನಲ್ಲಿ ಉಳಿದಿತ್ತು. ಅದನ್ನೀಗ ಹೊರತೆಗೆದ.

"ಕೆಲಸಕ್ಕೆ ಬೇಡದ ಷರತ್ತಾಕಿ ಜನಾನ ಒರಗಿಟ್ರೆ ಅದು ತಾರತಮ್ಯ ಸಾ. ಯಾರಾದ್ರೂ ಕೋರ್ಟಿಗೋದ್ರೆ ಕಟಕಟೇಲಿ ನಿಲ್ಲೋರು ಅಧ್ಯಕ್ಷರು."

ಕೋರ್ಟು ಎಂದದ್ದೇ ತಡ, ಸದಾಶಿವಪ್ಪನವರು ಆರಡಿಯನ್ನು ತಾವೇ ಹೊಡೆದುಹಾಕಿದರು.

ಅಷ್ಟರಲ್ಲಿ ಕಾಮಗೆರೆಯಿಂದ ನಿರ್ದೇಶಕ ಬಸವಕುಮಾರ್ ಬೈಕಿನಲ್ಲಿ ಬಂದಿಳಿದರು. ಗಂಡಸರು ಮಾತ್ರ, ಅದೂ ಮೂವತ್ತರೊಳಗಿನವರು, ಎಂಬುದು ಅವರ ಷರತ್ತು.

"ಸೀರೆ ಉಡೋರು ಎಂಗಸ್ರು, ನೇಯೋರಲ್ಲಿ ಅರ್ಧ ಎಂಗಸ್ರು, ನೋಡಕ್ಕೆ ಮಾತ್ರ ಗಂಡಸ್ರಾ ಸಾ? ವಯಸ್ಸು ಕಟ್ಕಂಡು ಸೀರೆಗೇನಾಗ್ಬೇಕು?" ಎಂದ ನಲವತ್ತೊಂದರ ನಿರಂಜನ. ಎರಡಕ್ಕೂ ಗೆರೆ ಬಿತ್ತು.

ಇನ್ನೊಬ್ಬ ನಿರ್ದೇಶಕರು ಹನೂರಿನಿಂದ ಫೋನು ಮಾಡಿ, ನಮ್ಮ ಕಡೆಯವರೇ ಆಗಬೇಕೆಂದು ಅರ್ಧ ಗಂಟೆ ಕೂಗಾಡಿದರು. ಎದುರು ಹೋಟೆಲಿನ ಚಿಕ್ಕಮಾದಯ್ಯ ಕೂಡ ಲೋಟ ಇಡುತ್ತ, "ಕಾಫಿ ಕುಡಿಯೋರ್ಗೆ ಆದ್ಯತೆ ಅಂತ ಬರೀರಿ ಸಾ" ಎಂದ. ಎಲ್ಲರಿಗೂ ನಿರಂಜನನದು ಒಂದೇ ಪ್ರಶ್ನೆ, ಕೆಲಸಕ್ಕೆ ಬೇಕಾ? ಕೇಳಿ ಕೇಳಿ ಅವನ ಗಂಟಲು ಕಟ್ಟಿತು. ಊಟದ ಡಬ್ಬಿ ಬಿಚ್ಚಲೂ ಪುರುಸೊತ್ತಾಗಲಿಲ್ಲ. ಸಾಲದ್ದಕ್ಕೆ ಕರೆಂಟೂ ಹೋಯಿತು.

ನಾಲ್ಕು ಗಂಟೆಗೆ ಹಾಳೆಯಲ್ಲಿ ಉಳಿದದ್ದು 'ಕಣ್ಣು ಚುರುಕಾಗಿರಬೇಕು' ಎಂಬ ಒಂದೇ ಸಾಲು. ನಿರಂಜನನಿಗೆ ಪರೀಕ್ಷಕರ ಕುರ್ಚಿಯಲ್ಲಿ ಆಗಲೇ ಕೂತಷ್ಟು ಖುಷಿಯಾಯಿತು.

ಮೂಲೆಯಲ್ಲಿ ಬೆಳಿಗ್ಗೆಯಿಂದ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದವರು ಮಹಾಲಕ್ಷ್ಮಮ್ಮ. ಐವತ್ತು ವರ್ಷ ಮಗ್ಗದಲ್ಲಿ ಕೂತು ಈಗ ಸಂಘದ ನಿರ್ದೇಶಕಿಯಾಗಿರುವ ಅಜ್ಜಿ.

"ನಿರಂಜನನ್ ಮಾತು ನ್ಯಾಯ ಕಣ್ರಪ್ಪ. ಕೆಲಸಕ್ಕೆ ಬೇಕಾದ್ದೇ ಇರ್ಬೇಕು," ಎಂದರು ಅಜ್ಜಿ. "ಅಂಗಾದ್ರೆ ಒಂದ್ ಬಿಟ್ಟೋಗೈತೆ. ಅಂಗೈ ಬೆವರಬಾರ್ದು. ಬೆವರು ತಾಕಿದ್ರೆ ರೇಷ್ಮೆ ಕಲೆ ಆಯ್ತದೆ, ಜರಿ ಕಪ್ಪಾಯ್ತದೆ."

ನಿರಂಜನ ಮೇಜಿನ ಕೆಳಗೆ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮದುವೆಯ ದಿನ ಧಾರೆಯ ನೀರು ಬೀಳುವ ಮೊದಲೇ ಅವನ ಕೈ ತೊಯ್ದಿತ್ತೆಂದು ರೂಪ ಇವತ್ತಿಗೂ ಆಡಿಕೊಳ್ಳುತ್ತಾಳೆ.

"ಗ್ಲೌಸ್ ಆಕಬೌದಲ್ಲ ಅಜ್ಜಿ?"

"ಎಳೆ ತಪ್ಪಿದ್ರೆ ಕಣ್ಗಿಂತ ಮೊದ್ಲು ಬೆರಳ್ಗೆ ಗೊತ್ತಾಯ್ತದೆ. ಗ್ಲೌಸ್ ಆಕಂಡ್ರೆ ಏನ್ ತಿಳಿತದಪ್ಪ?"

"ಬೆವರೋದು ಅವ್ರ ತಪ್ಪಾ ಅಜ್ಜಿ? ಇದೂ ತಾರತಮ್ಯ ಅಲ್ವಾ?"

ಬಸವಕುಮಾರ್ ಬೆಳಿಗ್ಗೆಯಿಂದ ಇದಕ್ಕೇ ಕಾದವರಂತೆ ಮುಂದೆ ಬಾಗಿದರು. "ಅದೆಲ್ಲ ಬ್ಯಾಡ ನಿರಂಜನ್. ಕೆಲಸಕ್ಕೆ ಬೇಕಾ, ಬ್ಯಾಡ್ವಾ?"

ನಿರಂಜನ ಅಧ್ಯಕ್ಷರ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬೇಕು ಸಾ."

"ಕಾನೂನು ಅಂದ್ರೆ ಇದು ಕಣ್ಲಾ. ಬರಿ," ಎಂದರು ಸದಾಶಿವಪ್ಪ, ಸಂತೋಷವಾಗಿ.

ನಿರಂಜನ ಬರೆದ. ಬರೆದು ಕೈ ತೆಗೆದರೆ, 'ಅಂಗೈ ಬೆವರುವವರು ಅರ್ಜಿ ಹಾಕುವಂತಿಲ್ಲ' ಎಂಬ ಸಾಲಿನ ಶಾಯಿಯೆಲ್ಲ ಕಲಸಿಹೋಗಿತ್ತು. ಇನ್ನೊಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆಯತೊಡಗಿದ.