ಸ್ಮಶಾನದ ಗುಡ್ಡದಿಂದ ಇನ್ನೂರ ಹನ್ನೊಂದು ಓಟು

ಹಾರ್ನ್‌ಬೀಮ್ ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ, ಒಂದೇ ಒಂದು ಗಾಜಿನ ನಳಿಕೆಯನ್ನೂ ಒಡೆಯದೆ ನಿವೃತ್ತರಾದ ಎಲ್ವುಡ್ ಸೈಜ್‌ಮೋರ್ ಮೇಷ್ಟ್ರು, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮೆಕ್ಕೆಜೋಳದ ರೊಟ್ಟಿಗೆ ಬೆಣ್ಣೆ ಸವರುತ್ತಾ ಐತಿಹಾಸಿಕ ಘೋಷಣೆಯೊಂದನ್ನು ಮಾಡಿದರು.

"ಓಪಲ್, ಕೆಂಟಕಿಯ ಈ ಬೆಟ್ಟಗಳಲ್ಲಿ ಇಲ್ಲೀವರೆಗೆ ಒಂದೇ ಒಂದು ಪ್ರಾಮಾಣಿಕ ಚುನಾವಣೆ ನಡೆದಿಲ್ಲ. ನಾನು ನಡೆಸ್ತೀನಿ!"

"ಯಾವುದಕ್ಕೆ ನಿಂತಿದೀಯ?" ಎಂದರು ಹೆಂಡತಿ ಓಪಲ್, ಒಲೆಯ ಕಡೆಯಿಂದ ತಿರುಗದೆ.

"ನಾನು ನಿಲ್ಲಲ್ಲ. ಹಾಡುಗಳು ನಿಲ್ಲುತ್ವೆ."

"ಹಾಡು ನಿಲ್ಲುತ್ತೋ ಬಿಡುತ್ತೋ, ಬೆಣ್ಣೆ ಅಂತೂ ಚಾಕು ಮೇಲೆ ನಿಲ್ತಿಲ್ಲ. ಅಂಗಿ ನೋಡ್ಕೋ."

ಬೆಟ್ಟದ ಹಳೆಯ ಜನಪದ ಹಾಡುಗಳಲ್ಲಿ ಹದಿನಾರನ್ನು ಆರಿಸುವುದು, ಜೋಡಿ ಜೋಡಿಯಾಗಿ ಕುಸ್ತಿಗೆ ಬಿಡುವುದು, ಜನ ತಮ್ಮ ತಮ್ಮ ಫೋನಿನಿಂದಲೇ ಮತ ಹಾಕುವುದು, ಸೋತ ಹಾಡು ಮನೆಗೆ, ಗೆದ್ದ ಹಾಡು ಮುಂದಿನ ಸುತ್ತಿಗೆ. ಇದು ಯೋಜನೆ. ಮೇಷ್ಟ್ರು ಹದಿನಾಲ್ಕು ನಿಯಮಗಳನ್ನು ಬರೆದರು. ಒಂದು ಫೋನಿಗೆ ಒಂದೇ ಮತ. ಮತ ಹಾಕುವವರು ಹೆಸರು ಬರೆಯಲೇಬೇಕು. ಮೂರನೆಯದಂತೂ ಅವರಿಗೆ ಬಹಳ ಪ್ರಿಯವಾದ ನಿಯಮ: ಸಂಘಟಕನಿಗೆ ಮತವಿಲ್ಲ!

ಇಷ್ಟೇ ಆಗಿದ್ದರೆ ಊರವರು ನಕ್ಕು ಮರೆಯುತ್ತಿದ್ದರು. ಆದರೆ ಶಾಲಾ ಮಂಡಳಿಯವರು ನಡುವೆ ಬಾಯಿ ಹಾಕಿ, ಗೆದ್ದ ಹಾಡನ್ನು ಬರುವ ವರ್ಷದಿಂದ ಕೌಂಟಿಯ ಎಲ್ಲ ನಾಲ್ಕನೇ ತರಗತಿ ಮಕ್ಕಳಿಗೂ ಕಲಿಸುತ್ತೇವೆ ಎಂದು ಪ್ರಕಟಿಸಿಬಿಟ್ಟರು. ಅಲ್ಲಿಗೆ ಆಟ ಹೋಗಿ ಯುದ್ಧವಾಯಿತು.

ಫೈನಲ್ಲಿಗೆ ಬಂದವು ಎರಡು. ಒಂದು, 'ರೊಟ್ಟಿ ಕದ್ದ ಹಂದಿ'. ಇದು ಪೇಟೆಯವರ ಹಾಡು. ಮೂರೇ ನುಡಿ, ಪ್ರತಿ ನುಡಿಯ ಕೊನೆಗೆ ಎಲ್ಲರೂ ಒಟ್ಟಾಗಿ ಮೂರು ಸಲ ಹಂದಿಯಂತೆ ಗುಟುರು ಹಾಕಬೇಕು. ಇನ್ನೊಂದು, 'ಗಿರಣಿ ಹಿಂದಿನ ಬಾವಿ'. ಇದು ನಲವತ್ತು ನಿಮಿಷದ ದಾರಿಯಾಚೆ ಇರುವ ಸ್ಟೇಸಿ ಕಣಿವೆಯವರದು. ಹತ್ತೊಂಬತ್ತು ನುಡಿ, ಮೂರು ಕೊಲೆ, ಒಂದು ನೇಣು. ಕೊನೆಯಲ್ಲಿ ಬಾತುಕೋಳಿಯೊಂದು ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳುತ್ತದೆ.

"ಇದನ್ನ ಒಂಬತ್ತು ವರ್ಷದ ಮಕ್ಕಳಿಗೆ ಕಲಿಸೋದಾ?" ಎಂದು ಮೇಷ್ಟ್ರು ಒಮ್ಮೆ ಕೇಳಿದ್ದರು.

"ಲೆಕ್ಕ ಕಲೀತಾರೆ ಬಿಡು. ಎಂಟು ಜನರಿಂದ ಶುರುವಾಗುತ್ತೆ, ನಾಲ್ಕು ಜನ ಉಳೀತಾರೆ," ಎಂದಿದ್ದರು ಓಪಲ್.

ಓಪಲ್ ಹುಟ್ಟಿದ್ದು ಅದೇ ಕಣಿವೆಯಲ್ಲಿ. ಅವರ ತಾಯಿ ವರ್ಡಿ ಅಜ್ಜಿಗೆ ಎಂಬತ್ತಾರು. ಹತ್ತೊಂಬತ್ತು ನುಡಿಯೂ ಬಾಯಲ್ಲಿ ಇರುವುದು ಈಗ ಅಜ್ಜಿಯೊಬ್ಬರಿಗೇ; ಅವರು ತಮ್ಮ ತಾಯಿಯಿಂದ ಕಲಿತದ್ದು. ಉಳಿದವರಿಗೆಲ್ಲ ಎರಡನೆಯ ಕೊಲೆಯ ಹೊತ್ತಿಗೆ ಮರೆತುಹೋಗುತ್ತದೆ.

"ನಾನು ಗುಡ್ಡ ಹತ್ತೋ ದಿನ ಇದೂ ನನ್ನ ಜೊತೆ ಹತ್ತುತ್ತೆ ಕಣೇ," ಎಂದು ಅಜ್ಜಿ ಮಗಳಿಗೆ ಹೇಳುತ್ತಿದ್ದರು. ಆ ಬೆಟ್ಟಗಳಲ್ಲಿ ಪ್ರತಿ ಮನೆತನದ ಸ್ಮಶಾನವೂ ಗುಡ್ಡದ ನೆತ್ತಿಯಲ್ಲೇ. ಬದುಕಿದ್ದವರು ತಗ್ಗಿನಲ್ಲಿ, ಸತ್ತವರು ಎತ್ತರದಲ್ಲಿ. ಓಪಲ್ ಈ ಮಾತನ್ನು ನಗುತ್ತಲೇ ಗಂಡನಿಗೆ ಹೇಳಿದ್ದರು. ಹೇಳಿ ಮುಗಿಸುವಾಗ ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ ಸೆಮಿಫೈನಲ್ಲಿನಲ್ಲಿ ಪಕ್ಕದ ಒಹಾಯೊ ರಾಜ್ಯದ ಯಾರೋ ಕೆಲಸವಿಲ್ಲದ ಪುಣ್ಯಾತ್ಮನೊಬ್ಬ ಒಂದೇ ಮಧ್ಯಾಹ್ನ ಆರುನೂರು ಮತ ಹಾಕಿದ. ಮೇಷ್ಟ್ರು ಕೆರಳಿದರು. ಆ ಆರುನೂರನ್ನೂ ಕಿತ್ತೆಸೆದು, ಫೈನಲ್ಲಿಗೆ ಹೊಸ ಏರ್ಪಾಡು ಮಾಡಿದರು. ಪ್ರತಿ ಮತ ಯಾವ ಜಾಗದಿಂದ ಬಂತು ಎಂಬುದೂ ಇನ್ನು ಮುಂದೆ ದಾಖಲಾಗುತ್ತದೆ! ಊಟದ ಮೇಜಿನ ಮೇಲೆ ಕೌಂಟಿಯ ದೊಡ್ಡ ನಕ್ಷೆ ಹರಡಿತು. ಒಂದೊಂದು ಮತಕ್ಕೂ ಒಂದೊಂದು ಗುಂಡುಸೂಜಿ: ಹಂದಿಗೆ ಕೆಂಪು, ಬಾವಿಗೆ ನೀಲಿ.

"ಹುರುಳಿಕಾಯಿ ಎಲ್ಲಿಡ್ಲಿ?" ಎಂದರು ಓಪಲ್, ಬಿಸಿ ಪಾತ್ರೆ ಹಿಡಿದು ನಿಂತು.

"ನದಿಯಿಂದ ದಕ್ಷಿಣಕ್ಕೆ ಸ್ವಲ್ಪ ಖಾಲಿ ಇದೆ. ಅಲ್ಲಿನ್ನೂ ಯಾರೂ ಓಟು ಹಾಕಿಲ್ಲ."

ಓಪಲ್ ಆ ವಾರವೆಲ್ಲ ನಿಂತೇ ಉಂಡರು. ತಮ್ಮ ಮತವನ್ನು ಸೋಮವಾರವೇ ಅಡಿಗೆಮನೆಯಿಂದ ಹಾಕಿ, ಶುಕ್ರವಾರ ತಾಯಿಯ ಮನೆಗೆ ಹೊರಟರು. "ನಾಳೆ ನಾಲ್ಕು ಗಂಟೆಗೆ ಮುಗಿಯುತ್ತಲ್ಲ? ಮುಗಿದ ಮೇಲೆ ಫೋನ್ ಮಾಡ್ತೀನಿ. ಅಲ್ಲೀವರೆಗೆ ಈ ಸೂಜಿ ಮೇಲೆ ಕೂತ್ಕೋಬೇಡ," ಎಂದರು.

ಶನಿವಾರ ಮಧ್ಯಾಹ್ನ ಒಂದರವರೆಗೆ ಹಂದಿ ನಾಗಾಲೋಟದಲ್ಲಿತ್ತು. ಆಮೇಲೆ ನೀಲಿ ಮತಗಳು ಬರತೊಡಗಿದವು. ಬಂದವು, ಬಂದವು, ಬರುತ್ತಲೇ ಇದ್ದವು. ಎಲ್ಲವೂ ಒಂದೇ ಜಾಗದಿಂದ! ಮೇಷ್ಟ್ರು ಒಂದೇ ಚುಕ್ಕೆಗೆ ಸೂಜಿ ಚುಚ್ಚಿದರು. ನಲವತ್ತನೆಯ ಸೂಜಿಗೆ ನಕ್ಷೆ ಹರಿಯಿತು. ಎಪ್ಪತ್ತನೆಯದಕ್ಕೆ ಮೇಜಿನಲ್ಲಿ ತೂತಾಯಿತು. ಮೂರು ಗಂಟೆಗೆ ಲೆಕ್ಕ ಇನ್ನೂರ ಹನ್ನೊಂದಕ್ಕೆ ನಿಂತಿತು. ಅವರು ಕನ್ನಡಕ ಒರೆಸಿಕೊಂಡು ಆ ಜಾಗ ಯಾವುದೆಂದು ನೋಡಿದರು.

ಸ್ಟೇಸಿ ಮನೆತನದ ಸ್ಮಶಾನ.

ಸತ್ತವರ ಹೆಸರಿನಲ್ಲಿ ಕಳ್ಳ ಓಟು ಎಂದು ಮೇಷ್ಟ್ರಿಗೆ ಆಗಲೇ ಅನಿಸಿತು. ಆದರೆ ವಿಜ್ಞಾನ ಓದಿದವರು ಆತುರಪಡುವುದಿಲ್ಲ. ಇಪ್ಪತ್ತು ಹೆಸರುಗಳ ಮಾದರಿಯನ್ನು ತೆಗೆದು, ಆ ಸ್ಮಶಾನದ ಗೋರಿಕಲ್ಲುಗಳ ಪಟ್ಟಿಯ ಜೊತೆ ತಾಳೆ ನೋಡಿದರು. ಹದಿನಾಲ್ಕು ಹೆಸರು ಅಕ್ಷರಕ್ಕೆ ಅಕ್ಷರ ಕೂಡಿದವು! ಅದಕ್ಕಿಂತ ಮಿಗಿಲಾದ ಪುರಾವೆ ಹದಿನೇಳನೆಯ ಹೆಸರು: ವರ್ಡಿ ಸ್ಟೇಸಿ. ಸ್ವಂತ ಅತ್ತೆ! ಮನೆ ಮುಂದಿನ ಮೂರು ಮೆಟ್ಟಿಲನ್ನೇ ಮೂರು ಕಂತಿನಲ್ಲಿ ಹತ್ತುವ ಅತ್ತೆ, ಗುಡ್ಡದ ನೆತ್ತಿಯಿಂದ ಮತ ಹಾಕಿದ್ದಾರಂತೆ! ಕಳ್ಳರು ಬದುಕಿರುವ ಮುದುಕಿಯನ್ನೂ ಬಿಡಲಿಲ್ಲವಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು.

ಅತ್ತೆಯ ಹಾಡು ಸೋತರೆ ಮನೆಯಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನ್ಯಾಯ ನ್ಯಾಯವೇ. ನಾಲ್ಕು ಗಂಟೆಗೆ ಸರಿಯಾಗಿ ಫಲಿತಾಂಶ ಪ್ರಕಟವಾಯಿತು: ಹಂದಿ 388, ಬಾವಿ 178. ಅದರ ಕೆಳಗೆ ಮೇಷ್ಟ್ರ ಟಿಪ್ಪಣಿ: 'ಸ್ಮಶಾನದಿಂದ ಬಂದ 211 ಮತಗಳನ್ನು ತಿರಸ್ಕರಿಸಲಾಗಿದೆ. ಮೃತರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರು ಇನ್ನು ವಿಶ್ರಾಂತಿ ತೆಗೆದುಕೊಳ್ಳಬೇಕು.'

ಪೇಟೆಯಲ್ಲಿ ಗುಟುರು ಮೊಳಗಿತು. ಯಾರೋ ನಿಜವಾದ ಹಂದಿಗೇ ಹಾರ ಹಾಕಿ ನ್ಯಾಯಾಲಯದ ಮೆಟ್ಟಿಲು ಹತ್ತಿಸಿದರು. ಮೇಷ್ಟ್ರು ತೃಪ್ತಿಯಿಂದ ಕಾಫಿಗೆ ನೀರಿಡಲು ಎದ್ದರು. ನಾಲ್ಕು ಗಂಟೆ ಮೂರು ನಿಮಿಷಕ್ಕೆ ಫೋನ್ ಹೊಡೆದುಕೊಂಡಿತು. ಓಪಲ್. ಹಿಂದಿನಿಂದ ಗಾಳಿ ಬೀಸುವ ಸದ್ದು.

"ಎಲ್ವುಡ್, ನಾನೀಗ ಎಲ್ಲಿಂದ ಮಾತಾಡ್ತಿದೀನಿ ಹೇಳು?"

"ನಿಮ್ಮಮ್ಮನ ಮನೆಯಿಂದ."

"ಸ್ಮಶಾನದಿಂದ."

"ಓಪಲ್! ಯಾರು? ಅತ್ತೆ ಏನಾದ್ರೂ..."

"ಅಮ್ಮ ಗಟ್ಟಿಯಾಗಿದಾರೆ. ಕೋಳಿ ಕಾಲು ತಿಂತಿದಾರೆ. ಈ ಕಣಿವೇಲಿ ಟವರ್ ಸಿಗೋದು ಇದೊಂದೇ ಜಾಗದಲ್ಲಿ ಕಣೋ! ಮೂವತ್ತೆಂಟು ವರ್ಷದಿಂದ ಅಳಿಯ ಆಗಿದೀಯ, ಇಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅತ್ತೆಯ ಮನೆಗೆ ಫೋನ್ ಒಯ್ಯುವುದು ಮರ್ಯಾದೆಯಲ್ಲವೆಂದು ಅವರು ಯಾವಾಗಲೂ ಅದನ್ನು ಮೇಜಿನ ಮೇಲೆ ಬಿಟ್ಟೇ ಹೋಗುತ್ತಿದ್ದರು. ಓಪಲ್ ಅಲ್ಲಿಂದ ಕರೆ ಮಾಡಿದಾಗಲೆಲ್ಲ ಗಾಳಿಯ ಸದ್ದು ಕೇಳಿಸುತ್ತಿತ್ತು. ಅದನ್ನು ಗಮನಿಸಿ, ಅತ್ತೆಯ ಮನೆಯ ಕಿಟಕಿಗಳು ಸಂದು ಬಿಟ್ಟಿವೆ ಎಂದು ನಿರ್ಣಯಿಸಿ, ಪ್ರತಿ ಕ್ರಿಸ್ಮಸ್ಸಿಗೂ ಸಂದು ಮುಚ್ಚುವ ಅಂಟನ್ನು ಉಡುಗೊರೆ ಕೊಟ್ಟಿದ್ದರು. ಅಜ್ಜಿಯ ಕಪಾಟಿನಲ್ಲಿ ಅಂಥ ಹದಿನೈದು ಡಬ್ಬಿಗಳಿದ್ದವು.

"ಆದ್ರೆ ಹೆಸರುಗಳು? ಎಲ್ಲಾ ಗೋರಿ ಮೇಲಿರೋ ಹೆಸರು!"

"ಅಜ್ಜನ ಹೆಸರು ಮೊಮ್ಮಗನಿಗೆ ಇಡದೆ ಪಕ್ಕದ ಮನೆಯವನಿಗೆ ಇಡ್ತಾರಾ?"

"ಅತ್ತೆ ಹೆಸರೂ ಕಲ್ಲಿನ ಮೇಲಿದೆಯಲ್ಲ!"

"ಅಪ್ಪನ ಕಲ್ಲು ಕೆತ್ತಿಸುವಾಗಲೇ ಪಕ್ಕದಲ್ಲಿ ಅಮ್ಮನ ಹೆಸರೂ ಕೆತ್ತಿಸಿದ್ವಿ. ಒಟ್ಟಿಗೆ ಕೆತ್ತಿಸಿದ್ರೆ ಅಗ್ಗ. ತಾರೀಕು ಖಾಲಿ ಇದೆ, ನೋಡ್ಲಿಲ್ವಾ ನಿನ್ನ ಮಾದರೀಲಿ?"

"ಅತ್ತೆ ಗುಡ್ಡ ಹತ್ತಿದ್ದಾದ್ರೂ ಹೇಗೆ?"

ಹತ್ತಿರಲಿಲ್ಲ, ಹೊತ್ತಿದ್ದರು. ಅಡಿಗೆಮನೆಯ ಕುರ್ಚಿಗೆ ಎರಡು ಬೊಂಬು ಕಟ್ಟಿ, ಅಜ್ಜಿಯನ್ನು ಕೂರಿಸಿ, ನಾಲ್ಕು ಜನ ಹೆಗಲು ಕೊಟ್ಟಿದ್ದರು. ಹಿಂದೆ ಇಡೀ ಕಣಿವೆ. ಕೆಳಗಿನ ರಸ್ತೆಯಲ್ಲಿ ಬರುತ್ತಿದ್ದ ಲಾರಿಯೊಂದು ಅಲ್ಲಿಯ ಪದ್ಧತಿಯಂತೆ ಶವಯಾತ್ರೆಗೆ ಗೌರವ ತೋರಿಸಲು ಪಕ್ಕಕ್ಕೆ ನಿಂತಿತು. ಚಾಲಕ ಟೋಪಿ ತೆಗೆದು ತಲೆ ಬಾಗಿಸಿದ. ಅಜ್ಜಿ ಅವನಿಗೆ ಕೈ ಬೀಸಿ, "ಒಳ್ಳೇದಾಗ್ಲಿ ಮಗಾ!" ಎಂದರು. ಅವನು ಟೋಪಿಯನ್ನು ರಸ್ತೆಯಲ್ಲೇ ಬಿಟ್ಟು ಲಾರಿ ಓಡಿಸಿಕೊಂಡು ಹೋದ.

"ಓಪಲ್, ನೀನು ಹೇಳೋದನ್ನ ನಾನು ನಂಬ್ತೀನಿ. ಆದ್ರೆ ನಿಯಮದ ಪ್ರಕಾರ ಪ್ರಮಾಣ ಬೇಕು."

"ಬಂದು ಎಣಿಸ್ಕೋ. ಫಲಿತಾಂಶ ನೋಡೋಕೂ ಇಲ್ಲೇ ಇರಬೇಕಲ್ಲ, ಯಾರೂ ಕೆಳಗಿಳಿದಿಲ್ಲ. ಎಲ್ಲಾ ಕಾಯ್ತಿದಾರೆ." ಓಪಲ್ ದನಿ ತಗ್ಗಿಸಿದರು. "ಅಮ್ಮ ಏನೂ ಮಾತಾಡ್ತಿಲ್ಲ ಎಲ್ವುಡ್. ಬೇಗ ಬಾ."

ಮೇಷ್ಟ್ರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಗುಡ್ಡ ಹತ್ತಿದಾಗ ಐದೂವರೆ. ಗೋರಿಗಳ ನಡುವೆ ಕಂಬಳಿ ಹಾಸಿ ಕಣಿವೆಗೆ ಕಣಿವೆಯೇ ಕೂತಿತ್ತು. ಅರ್ಧಕ್ಕರ್ಧ ಅವರದೇ ಹಳೆಯ ವಿದ್ಯಾರ್ಥಿಗಳು. ಮೇಷ್ಟ್ರನ್ನು ಕಂಡದ್ದೇ ತಡ, ನಲವತ್ತು ವರ್ಷದ ಗಂಡಸರೂ ಬಾಯಿ ಒರೆಸಿಕೊಂಡು ನೆಟ್ಟಗೆ ಕೂತರು. ಮೇಷ್ಟ್ರಿಗೆ ಬೇರೆ ದಾರಿ ತೋಚಲಿಲ್ಲ. ಒಂದು ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಹಾಜರಿ ಕೂಗಿದರು.

ಸ್ಮಶಾನದಲ್ಲಿ ಹಾಜರಿ!

"ಆಮೊಸ್ ಸ್ಟೇಸಿ!"

"ಇದೀನಿ ಮೇಷ್ಟ್ರೇ!"

"ಬ್ಯೂಲಾ ಸ್ಟೇಸಿ!"

"ಇನ್ನೂ ಇದೀನಿ ಮೇಷ್ಟ್ರೇ!"

ಮುಕ್ಕಾಲು ಗಂಟೆ ಹಿಡಿಯಿತು. ಇನ್ನೂರ ಹತ್ತು ಹೆಸರಿಗೆ ಇನ್ನೂರ ಹತ್ತು ಕೈ ಎದ್ದವು. ಕುರ್ಚಿಯಲ್ಲಿ ಕೂತಿದ್ದ ವರ್ಡಿ ಅಜ್ಜಿ ಎರಡೂ ಕೈ ಎತ್ತಿದರು. ಮೇಷ್ಟ್ರು ಅದೇ ಗತ್ತಿನಲ್ಲಿ ಕೊನೆಯ ಹೆಸರನ್ನೂ ಕೂಗಿದರು.

"ಹೋಬರ್ಟ್ ಸ್ಟೇಸಿ!"

ಯಾವ ಕೈಯೂ ಏಳಲಿಲ್ಲ. "ಹೋಬರ್ಟ್ ಸ್ಟೇಸಿ!" ಎಂದು ಇನ್ನೊಮ್ಮೆ ಕೂಗಿದರು.

ಅಜ್ಜಿಯ ಕುರ್ಚಿ ಹೊತ್ತು ತಂದಿದ್ದ ರೂಫಸ್ ಮೆಲ್ಲಗೆ, "ಮೇಷ್ಟ್ರೇ, ಸ್ವಲ್ಪ ಪಕ್ಕಕ್ಕೆ ಸರೀರಿ. ಅವರ ಮೇಲೇ ನಿಂತಿದೀರಿ," ಎಂದ.

ಹೋಬರ್ಟ್ ಎಂದರೆ ಅಜ್ಜಿಯ ಗಂಡ. ಮೇಷ್ಟ್ರ ಮಾವ. ತೀರಿಕೊಂಡು ಹನ್ನೊಂದು ವರ್ಷ.

"ಅತ್ತೆ," ಎಂದರು ಮೇಷ್ಟ್ರು ಪಕ್ಕಕ್ಕೆ ಸರಿದು, "ಈ ಓಟು?"

"ಅವನದೇ. ಅವನ ಫೋನು, ಅವನ ನಂಬರು. ಒಂದು ಫೋನಿಗೆ ಒಂದು ಓಟು ಅಂತ ಬರೆದೋನು ನೀನೇ. ಅದರಲ್ಲಿ ಅವನ ದನಿ ಇದೆ ಎಲ್ವುಡ್ಡೂ. ಯಾರಾದ್ರೂ ಆ ನಂಬರಿಗೆ ಮಾಡಿದ್ರೆ 'ಹೋಬರ್ಟು ಮನೇಲಿಲ್ಲ, ಆಮೇಲೆ ಮಾಡಿ' ಅಂತಾನೆ. ಅದಕ್ಕೇ ಆ ಫೋನ್ ಇಟ್ಕೊಂಡಿದೀನಿ."

"ಆದ್ರೆ ಅವರ ಹೆಸರು ಬರೆದಿದೀರಲ್ಲ!"

"ಮತ್ತೆ? ಎರಡು ಸಲ ನನ್ನ ಹೆಸರೇ ಬರೆದ್ರೆ ಮೋಸ ಆಗಲ್ವಾ?"

ಲೆಕ್ಕ ಕಣ್ಣ ಮುಂದೆಯೇ ಇತ್ತು. ಮಾವನ ಮತವನ್ನು ಸೇರಿಸಿದರೆ ಬಾವಿ 389, ಹಂದಿ 388. ಒಂದು ಮತದಿಂದ ಗೆಲುವು. ತೆಗೆದರೆ ಸಮ. ಇನ್ನೂರ ಹತ್ತು ಜನ ಮೇಷ್ಟ್ರ ಮುಖ ನೋಡುತ್ತಿದ್ದರು. ಅಜ್ಜಿ ಮಾತ್ರ ತಮ್ಮ ಕೈಗಳನ್ನೇ ನೋಡುತ್ತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ ಮಾವನ ಹೆಸರನ್ನು ಅಳಿಸಿದರು.

"ಸಮ ಆಯ್ತು," ಎಂದರು ರೂಫಸ್‌ನ ಪಕ್ಕದಲ್ಲಿದ್ದವರು. "ಸಮ ಆದ್ರೆ ನಿಯಮ ಏನು ಮೇಷ್ಟ್ರೇ?"

ಹದಿನಾಲ್ಕು ನಿಯಮಗಳಲ್ಲಿ ಅದೊಂದೇ ಇರಲಿಲ್ಲ.

"ನೀವೊಂದು ಓಟು ಹಾಕಿಬಿಡಿ ಮೇಷ್ಟ್ರೇ! ಮುಗೀತು!" ಎಂದ ರೂಫಸ್. ಇಡೀ ಸ್ಮಶಾನ ಹೌದು ಹೌದೆಂದಿತು.

ಮೇಷ್ಟ್ರು ಎದೆಯುಬ್ಬಿಸಿದರು. "ಸಾಧ್ಯವಿಲ್ಲ! ಸಂಘಟಕನಿಗೆ ಮತವಿಲ್ಲ. ನನ್ನ ತಲೆ ಹೋದ್ರೂ ಸರಿ, ನಾನು ಹಾಕಿಲ್ಲ, ಹಾಕೋದೂ ಇಲ್ಲ!"

"ಹೌದಾ?" ಎಂದರು ಓಪಲ್. ಅವರು ಲ್ಯಾಪ್‌ಟಾಪಿನ ಮುಂದೆ ಮೊಣಕಾಲೂರಿ ಹಂದಿಯ ಪಟ್ಟಿಯನ್ನು ಕೊನೆಯಿಂದ ಮೊದಲಿನವರೆಗೆ ಸರಿಸಿಕೊಂಡು ಹೋಗಿದ್ದರು. "ಹಾಗಾದ್ರೆ ಇದ್ಯಾರು? ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಎರಡು ನಿಮಿಷ. ಮೊಟ್ಟಮೊದಲ್ನೇ ಓಟು. ಎಲ್ವುಡ್ ಸೈಜ್‌ಮೋರ್."

ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದರು.

"ಅದು... ಅದು ಪರೀಕ್ಷೆ! ಗುಂಡಿ ಕೆಲಸ ಮಾಡುತ್ತಾ ಅಂತ ಒತ್ತಿ ನೋಡ್ದೆ. ಅಳಿಸೋಕೆ ಮರೆತೆ."

"ಗುಂಡಿ ಎರಡಿತ್ತಲ್ಲ?"

"ಕೈಗೆ ಸಿಕ್ಕಿದ್ದು ಒತ್ತಿದೆ. ಮೇಲಿನದು."

"ಮೇಲಿನದು ಅಮ್ಮನ ಹಾಡು, ಎಲ್ವುಡ್."

ಮೇಷ್ಟ್ರು ಆಕಾಶ ನೋಡಿದರು. ಅಲ್ಲಿ ಸಹಾಯವೇನೂ ಕಾಣಲಿಲ್ಲ. "ಆ ಗುಟುರು ಹಾಕೋ ಭಾಗ," ಎಂದರು ಬಹಳ ಸಣ್ಣ ದನಿಯಲ್ಲಿ, "ಅದು ನಂಗೆ ಚಿಕ್ಕಂದಿನಿಂದ ಇಷ್ಟ."

ಹೆಂಡತಿಯ ಕಣ್ಣೆದುರೇ ಅವರು ತಮ್ಮ ಮತವನ್ನು ಅಳಿಸಿದರು. ಹಂದಿ 387, ಬಾವಿ 388. ತಿದ್ದಿದ ಫಲಿತಾಂಶವನ್ನು ಅಲ್ಲೇ ನಿಂತು ಪ್ರಕಟಿಸಿದರು: 'ಎರಡು ಅಕ್ರಮ ಮತಗಳನ್ನು ರದ್ದುಪಡಿಸಲಾಗಿದೆ. ಒಂದು ಮೃತರದು. ಇನ್ನೊಂದು ಸಂಘಟಕರದು.' ಸ್ಟೇಸಿ ಕಣಿವೆ ಕೂಗಿದ ಕೂಗಿಗೆ ಕೆಳಗೆ ನಾಯಿಗಳೆಲ್ಲ ಬೊಗಳಿದವು.

ವರ್ಡಿ ಅಜ್ಜಿ ಅಳಿಯನನ್ನು ಹತ್ತಿರಕ್ಕೆ ಕರೆದರು. "ಹಾಗಾದ್ರೆ ಮಕ್ಕಳು ಕಲೀತಾರಾ?"

"ಕಲೀತಾರೆ ಅತ್ತೆ."

"ಹತ್ತೊಂಬತ್ತೂ?"

"ಹತ್ತೊಂಬತ್ತೂ. ಬಾತುಕೋಳಿ ಸಮೇತ."

ಅಜ್ಜಿ ತಮ್ಮ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡರು. ಒಂದು ಕೋಳಿ ಕಾಲನ್ನು ಅಳಿಯನ ಕೈಗಿಟ್ಟರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅದನ್ನು ಬಾಯಿಗಿಟ್ಟರೋ ಇಲ್ಲವೋ, ಅಜ್ಜಿ ಇಡೀ ಕಣಿವೆಗೆ ಕೇಳುವಂತೆ ಹೇಳಿದರು:

"ನೋಡು ಎಲ್ವುಡ್ಡೂ, ಆ ಹಾಡು ನಮ್ಮಮ್ಮಂದು. ಅಂದ್ರೆ ಹೋಬರ್ಟ್‌ಗೂ ಅತ್ತೆ ಹಾಡೇ. ಅವನೂ ಒಬ್ಬ ಅಳಿಯ. ಸತ್ತು ಹನ್ನೊಂದು ವರ್ಷ ಆದ್ರೂ ಅತ್ತೆ ಹಾಡಿಗೇ ಓಟು ಹಾಕ್ದ. ನೀನು ಉಸಿರಾಡ್ತಾ ಇದ್ದು, ಕೈಕಾಲು ನೆಟ್ಟಗಿದ್ದು, ಹಂದಿಗೆ ಹಾಕ್ದೆ!"